ವಾರಕ್ಕೆ ಎರಡೇ ದಿನ ನೀರು: ಕೈತೋಟ ಉಳಿದೀತೇ?

ಓದುಗರ ಪ್ರಶ್ನೆ: "ನಮ್ಮ ನಗರದ ನೀರು ಸರಬರಾಜು ಮಂಡಳಿಯು ಬೇಸಿಗೆ ಮುಗಿಯುವವರೆಗೆ ಮನೆಯ ಹೊರಗೆ ನೀರು ಬಳಸುವುದಕ್ಕೆ ನಿರ್ಬಂಧ ಹಾಕಿದೆ. ಮನೆಯ ಸಂಖ್ಯೆ ಸಮವೋ ಬೆಸವೋ ಎಂಬುದನ್ನು ನೋಡಿ ವಾರಕ್ಕೆ ಎರಡು ದಿನ, ಅದೂ ಬೆಳಿಗ್ಗೆ 8ರ ಒಳಗೆ ಅಥವಾ ಸಂಜೆ 6ರ ಮೇಲೆ ಮಾತ್ರ ತೋಟಕ್ಕೆ ನೀರು ಬಿಡಬಹುದು. ಸ್ಪ್ರಿಂಕ್ಲರ್ ಬಳಸುವಂತಿಲ್ಲ. ನನಗೆ ಸುಮಾರು 40 ಚದರ ಮೀಟರ್ ಹುಲ್ಲುಹಾಸು, ಎರಡು ವರ್ಷದ ಎರಡು ಸಸಿಗಳು, ಕಾಂಪೌಂಡಿನ ಉದ್ದಕ್ಕೂ ದಾಸವಾಳ ಮತ್ತು ಗುಲಾಬಿ, ತಾರಸಿಯ ಮೇಲೆ ಮೂವತ್ತು ಕುಂಡಗಳು ಇವೆ. ಈವರೆಗೆ ಹುಲ್ಲಿಗೆ ದಿನವೂ ಕಾಲು ಗಂಟೆ ಪೈಪು ಹಿಡಿಯುತ್ತಿದ್ದೆ. ದಿನಾ ನೀರಿಲ್ಲದಿದ್ದರೆ ಎಲ್ಲ ಒಣಗುತ್ತದೆ ಎಂದು ಮಾಲಿ ಹೇಳುತ್ತಾನೆ. ಬಟ್ಟೆ ಒಗೆದ ನೀರು, ಆರ್‌ಒ ಯಂತ್ರದಿಂದ ಹೊರಬರುವ ನೀರು, ಮನೆಯ ಕೊಳವೆಬಾವಿಯ ನೀರು ಇವನ್ನು ಬಳಸಬಹುದೇ? ಹುಲ್ಲನ್ನೇ ಕಿತ್ತು ಕೃತಕ ಹುಲ್ಲು ಹಾಸಿಬಿಡಲೇ? ರಸ್ತೆಯಲ್ಲಿ ಪೈಪು ಒಡೆದು ನೀರು ಹರಿಯುತ್ತಿರುವಾಗ ನಮ್ಮ ಗಿಡಗಳಿಗೆ ಮಾತ್ರ ಕಟ್ಟಳೆ ಏಕೆ?"

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಅಳಲುಗಳು ಹೆಣೆದುಕೊಂಡಿವೆ. ಗಿಡಗಳು ಸಾಯುತ್ತವೆಯೇ ಎಂಬುದು ಒಂದು. ಈ ಕಟ್ಟಳೆಗೆ ಅರ್ಥವಿದೆಯೇ ಎಂಬುದು ಇನ್ನೊಂದು. ಉದ್ಯಾನಗಳಿಗೆ ನೀರಿನ ವ್ಯವಸ್ಥೆ ರೂಪಿಸುವುದೇ ನನ್ನ ಕೆಲಸವಾದ್ದರಿಂದ ಪ್ರತಿ ಬೇಸಿಗೆಯಲ್ಲೂ ಈ ಎರಡನ್ನೂ ಕೇಳುತ್ತೇನೆ. ಮೊದಲನೆಯದಕ್ಕೆ ಚಿಕ್ಕ ಉತ್ತರ ಹೇಳಿಬಿಡುತ್ತೇನೆ: ನೆಲದಲ್ಲಿರುವ ಗಿಡಗಳಿಗೆ ವಾರಕ್ಕೆ ಎರಡು ಬಾರಿ ಸರಿಯಾಗಿ ಕೊಟ್ಟ ನೀರು ಬಹುಮಟ್ಟಿಗೆ ಸಾಕು, ಹಲವಕ್ಕೆ ಹೆಚ್ಚೇ ಆಗುತ್ತದೆ. ಕುಂಡಗಳ ಮಾತು ಬೇರೆ. ಹುಲ್ಲು ಬಣ್ಣಗೆಡಬಹುದು, ಆದರೆ ಬಣ್ಣಗೆಡುವುದೂ ಸಾಯುವುದೂ ಒಂದೇ ಅಲ್ಲ.

ಎರಡನೆಯದನ್ನು ಮೊದಲು ಮುಗಿಸೋಣ, ಏಕೆಂದರೆ ಕಟ್ಟಳೆಯ ಹಿಂದಿನ ಕಾರಣ ತಿಳಿದರೆ ಅದರೊಳಗೆ ತೋಟವನ್ನು ಹೊಂದಿಸಿಕೊಳ್ಳುವುದು ಸುಲಭ. ಒಡೆದ ಪೈಪಿನ ಬಗ್ಗೆ ನಿಮ್ಮ ಸಿಟ್ಟು ನ್ಯಾಯವಾದದ್ದೇ. ಸೋರಿಕೆಯನ್ನು ತಡೆಯದೆ ಗ್ರಾಹಕರಿಗೆ ಮಾತ್ರ ಬುದ್ಧಿ ಹೇಳುವ ಸಂಸ್ಥೆಯ ಮಾತಿಗೆ ತೂಕವಿರುವುದಿಲ್ಲ. ಆದರೆ ಸೋರಿಕೆ ವರ್ಷವಿಡೀ ಇರುವ ರೋಗ. ಹೊರಾಂಗಣ ನಿರ್ಬಂಧವು ಬೇಸಿಗೆಯ ಕೆಲವೇ ಗಂಟೆಗಳಲ್ಲಿ ಬರುವ ಜ್ವರಕ್ಕೆ ಕೊಡುವ ಔಷಧ. ಅಡುಗೆ, ಸ್ನಾನ, ಶೌಚಕ್ಕೆ ಬೇಕಾಗುವ ನೀರು ಋತುವಿನಿಂದ ಋತುವಿಗೆ ಅಷ್ಟೇನೂ ಬದಲಾಗುವುದಿಲ್ಲ, ಬೇಸಿಗೆಯಲ್ಲಿ ಜಿಗಿಯುವುದು ತೋಟದ ಬಳಕೆ. ಎಲ್ಲ ಮನೆಗಳೂ ಒಂದೇ ಮುಂಜಾನೆ ಪೈಪು ತಿರುಗಿಸಿದಾಗ ಕೊಳವೆ ಜಾಲದಲ್ಲಿ ಒತ್ತಡ ಕುಸಿಯುತ್ತದೆ, ದಿಬ್ಬದ ಮೇಲಿನ ಮನೆಗಳಿಗೆ ನೀರು ಏರುವುದಿಲ್ಲ, ಬೆಂಕಿ ನಂದಿಸುವವರಿಗೆ ಬೇಕಾದ ಒತ್ತಡವೂ ಉಳಿಯುವುದಿಲ್ಲ. ಇನ್ನೊಂದು ಅಪಾಯದ ಬಗ್ಗೆ ಸಾಮಾನ್ಯವಾಗಿ ಯಾರೂ ಮಾತನಾಡುವುದಿಲ್ಲ: ಕೊಳವೆಯೊಳಗಿನ ಒತ್ತಡ ತೀರಾ ಇಳಿದಾಗ, ನೀರು ಹೊರಗೆ ಸೋರುತ್ತಿದ್ದ ಅದೇ ಬಿರುಕಿನಿಂದ ಸುತ್ತಲಿನ ಕೊಳಕು ನೀರು ಒಳಗೆ ನುಗ್ಗಬಲ್ಲದು. ಸಮ–ಬೆಸ ದಿನಗಳ ಹಂಚಿಕೆ ಮುಖ್ಯವಾಗಿ ಒಮ್ಮೆಲೇ ಏರುವ ಈ ಬೇಡಿಕೆಯನ್ನು ಹಂಚುವ ಉಪಾಯ.

ಇಂತಹ ನಿರ್ಬಂಧಗಳಲ್ಲಿ ಎರಡು ಜಾತಿ ಇವೆ. ಅಮೆರಿಕದ ಲಾಸ್ ವೇಗಸ್‌ನಲ್ಲಿ ಚಳಿಗಾಲದಲ್ಲಿ ವಾರಕ್ಕೆ ಒಂದು ದಿನ, ವಸಂತ ಮತ್ತು ಶರತ್ಕಾಲದಲ್ಲಿ ಮೂರು ದಿನ, ಬೇಸಿಗೆಯಲ್ಲಿ ಭಾನುವಾರ ಬಿಟ್ಟು ಆರು ದಿನ ಎಂಬ ವೇಳಾಪಟ್ಟಿ ಇದೆ. ಅದು ಗಿಡದ ಅಗತ್ಯವನ್ನು ಅನುಸರಿಸುವ ಕಟ್ಟಳೆ. ಚಳಿ ಬಂದರೂ ಬೇಸಿಗೆಯ ಟೈಮರನ್ನೇ ಓಡಿಸುವ ಜನರ ಮರೆವಿಗೆ ಮದ್ದು ಅದು. ಇನ್ನೊಂದು ಜಾತಿ ಜಲಾಶಯದ ಮಟ್ಟವನ್ನು ಅನುಸರಿಸುತ್ತದೆ. ದಕ್ಷಿಣ ಆಫ್ರಿಕಾದ ಕೇಪ್ ಟೌನ್‌ನಲ್ಲಿ 2018ರ ಫೆಬ್ರವರಿಯಲ್ಲಿ ಒಬ್ಬರಿಗೆ ದಿನಕ್ಕೆ 50 ಲೀಟರ್ ಎಂಬ ಮಿತಿ ಬರುವ ಮೊದಲೇ ಕುಡಿಯುವ ನೀರನ್ನು ತೋಟಕ್ಕೆ ಹಾಯಿಸುವುದು ನಿಷೇಧವಾಗಿತ್ತು. ನಿಮ್ಮ ನಗರದ ಆದೇಶ ಬೇಸಿಗೆಯಲ್ಲಿ ಬಿಗಿಯಾಗುವಂಥದ್ದು, ಅಂದರೆ ಎರಡನೆಯ ಜಾತಿಗೆ ಸೇರಿದ್ದು. ಅದು ಎರಡು ದಿನದಿಂದ ಒಂದು ದಿನಕ್ಕೆ, ಅಲ್ಲಿಂದ ಸೊನ್ನೆಗೆ ಇಳಿಯಬಹುದು. ಹಾಗಾಗಿ ಯಾವ ಗಿಡಕ್ಕೆ ಮೊದಲು ಎಂಬ ಸಾಲನ್ನು ಈಗಲೇ ನಿರ್ಧರಿಸಿ ಇಟ್ಟುಕೊಳ್ಳುವುದು ಜಾಣತನ.

ಇನ್ನು ನಿಮ್ಮ ಮಾಲಿಯ ಮಾತು. ಆತ ಸುಳ್ಳು ಹೇಳುತ್ತಿಲ್ಲ. ಆತ ಕಂಡಿರುವ ತೋಟಗಳು ದಿನವೂ ನೀರು ಕುಡಿದು ಕೆಟ್ಟ ಅಭ್ಯಾಸ ಕಲಿತಂಥವು. ಲೆಕ್ಕ ಹಾಕಿ ನೋಡೋಣ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಲೀಟರ್ ನೀರು ಹರಡಿದರೆ ಒಂದು ಮಿಲಿಮೀಟರ್ ಮಳೆ ಬಿದ್ದಂತೆ. ಸಾಮಾನ್ಯ ತೋಟದ ಪೈಪಿನಿಂದ ನಿಮಿಷಕ್ಕೆ ಸುಮಾರು 15 ಲೀಟರ್ ಬರುತ್ತದೆ ಎಂದುಕೊಂಡರೆ (ನಿಮ್ಮದನ್ನು ಬಕೆಟ್ಟು ಮತ್ತು ಗಡಿಯಾರ ಇಟ್ಟು ಅಳೆಯಿರಿ) ನೀವು ದಿನವೂ ಹಿಡಿಯುತ್ತಿದ್ದ ಕಾಲು ಗಂಟೆಗೆ 225 ಲೀಟರ್ ಆಯಿತು. ಅದನ್ನು 40 ಚದರ ಮೀಟರಿಗೆ ಹಂಚಿದರೆ ಆರು ಮಿಲಿಮೀಟರಿಗಿಂತ ಕಡಿಮೆ. ಒಣಗಿದ ಮಣ್ಣಿನಲ್ಲಿ ಇದು ನಾಲ್ಕೈದು ಸೆಂಟಿಮೀಟರ್ ಆಳಕ್ಕೆ ಇಳಿಯುತ್ತದೆ, ಅಷ್ಟೆ. ಮೇಲ್ಪದರದಲ್ಲೇ ನಿಂತ ಆ ನೀರಿನ ದೊಡ್ಡ ಪಾಲು ಬಿಸಿಲು ಏರುತ್ತಿದ್ದಂತೆ ಆವಿಯಾಗಿ ಹೋಗುತ್ತದೆ. ಬೇರು ನೀರಿದ್ದಲ್ಲಿಗೆ ಬೆಳೆಯುವುದರಿಂದ ಅದೂ ಮೇಲೆಯೇ ಹರಡುತ್ತದೆ. ಅಂಥ ಗಿಡಕ್ಕೆ ಒಂದು ದಿನ ನೀರು ತಪ್ಪಿದರೂ ಸೊರಗುತ್ತದೆ, ಆಗ ಮಾಲಿಯ ಮಾತು ನಿಜವಾಗುತ್ತದೆ.

ಈಗ ಹುಲ್ಲಿಗೆ ನಿಜವಾಗಿ ಎಷ್ಟು ಬೇಕು ನೋಡಿ. ಒಣ ಬೇಸಿಗೆಯಲ್ಲಿ ನೆಲದಿಂದ ಆವಿಯಾಗುವುದೂ ಎಲೆಗಳಿಂದ ಹೋಗುವುದೂ ಸೇರಿ ದಿನಕ್ಕೆ ಸುಮಾರು ಆರು ಮಿಲಿಮೀಟರ್ ನೀರು ಬೇಡುವ ಹವೆ ಇರುತ್ತದೆ ಎಂದುಕೊಳ್ಳಿ. ಗರಿಕೆಯ ಜಾತಿಯ, ಬಿಸಿಲಿಗೆ ಒಗ್ಗಿದ ಹುಲ್ಲು ಅದರ ಶೇಕಡಾ 60ರಷ್ಟನ್ನು ಮಾತ್ರ ಬಳಸುತ್ತದೆ. ಅಂದರೆ ದಿನಕ್ಕೆ ಮೂರೂವರೆ ಮಿಲಿಮೀಟರ್, ವಾರಕ್ಕೆ 25, ನಿಮ್ಮ ಹುಲ್ಲುಹಾಸಿಗೆ ಒಟ್ಟು 1000 ಲೀಟರ್. ನೀವು ಈವರೆಗೆ ವಾರಕ್ಕೆ ಸುರಿಯುತ್ತಿದ್ದದ್ದು 1575 ಲೀಟರ್. ದಿನವೂ ಸ್ವಲ್ಪ ಎಂದು ನೀವು ನಂಬಿದ್ದು ಸ್ವಲ್ಪವಾಗಿರಲಿಲ್ಲ.

ಈ ಸಾವಿರ ಲೀಟರನ್ನು ಎರಡು ಕಂತಿನಲ್ಲಿ, ತಲಾ ಐನೂರರಂತೆ ಕೊಟ್ಟರೆ ನಡುವಿನ ಮೂರ್ನಾಲ್ಕು ದಿನ ದಾಟಬಹುದೇ ಎಂಬುದನ್ನು ನಿಮ್ಮ ಮಣ್ಣು ಹೇಳಬೇಕು. ಹದವಾದ ಗೋಡುಮಣ್ಣಿನ ಮೇಲಿನ 30 ಸೆಂಟಿಮೀಟರ್ ಪದರವು ಬೇರಿಗೆ ಸಿಗುವಂಥ ನೀರನ್ನು ಸುಮಾರು 45 ಮಿಲಿಮೀಟರಿನಷ್ಟು ಹಿಡಿದಿಡುತ್ತದೆ. ಅದರಲ್ಲಿ ಅರ್ಧ ಖರ್ಚಾಗುವವರೆಗೆ ಗಿಡಕ್ಕೆ ಬಾಧೆಯಿಲ್ಲ. ದಿನಕ್ಕೆ ಮೂರೂವರೆಯಂತೆ ಅದು ಆರು ದಿನದ ಬುತ್ತಿ. ಮರಳುಮಣ್ಣಾದರೆ ಹಿಡಿದಿಡುವುದು 18ರ ಆಸುಪಾಸು, ಬುತ್ತಿ ಎರಡೂವರೆ ದಿನಕ್ಕೆ ಖಾಲಿ. ಅಂಥ ಕಡೆ ಎರಡು ದಿನದ ಕಟ್ಟಳೆ ನಿಜಕ್ಕೂ ಕಷ್ಟ, ಹುಲ್ಲು ಕೆಂಪಾಗುವುದನ್ನು ಒಪ್ಪಿಕೊಳ್ಳಲೇಬೇಕು. ಜೇಡಿಮಣ್ಣಿನದು ಬೇರೆ ಪೇಚು. ಅದು ನೀರನ್ನು ಚೆನ್ನಾಗಿ ಹಿಡಿದಿಡುತ್ತದೆ, ಆದರೆ ಗಂಟೆಗೆ ಐದು ಮಿಲಿಮೀಟರಿಗಿಂತ ಹೆಚ್ಚು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಒಂದೇ ಸಮನೆ ಪೈಪು ಹಿಡಿದರೆ ನೀರು ಮೇಲೆ ಹೊಳೆದು ಗೇಟಿನ ಕಡೆ ಹರಿಯುತ್ತದೆ, ದಂಡ ಹಾಕಲು ಬಂದವರಿಗೆ ಅದೇ ಸಾಕ್ಷಿ. ಹತ್ತು ನಿಮಿಷ ಬಿಟ್ಟು, ಅರ್ಧ ಗಂಟೆ ನಿಲ್ಲಿಸಿ, ಮತ್ತೆ ಹತ್ತು ನಿಮಿಷ ಬಿಡಿ. ಬೆಳಗಿನ ಅವಧಿ ಸಾಲದಿದ್ದರೆ ಅದೇ ದಿನದ ಸಂಜೆಗೂ ಹಂಚಿ.

ನೀರು ಎಷ್ಟು ಆಳಕ್ಕೆ ಇಳಿಯಿತು ಎಂದು ತಿಳಿಯಲು ಯಾವ ಯಂತ್ರವೂ ಬೇಡ. ಒಂದು ಅಡಿ ಉದ್ದದ ಸ್ಕ್ರೂಡ್ರೈವರನ್ನು ನೀರು ಹಾಯಿಸಿದ ಮರುದಿನ ಬೆಳಿಗ್ಗೆ ನೆಲಕ್ಕೆ ಒತ್ತಿ ನೋಡಿ. ತೇವವಿರುವಷ್ಟು ಆಳಕ್ಕೆ ಅದು ಸರಾಗವಾಗಿ ಇಳಿಯುತ್ತದೆ, ಒಣಮಣ್ಣು ತಗುಲಿದ ಕೂಡಲೇ ಗಟ್ಟಿಯಾಗಿ ನಿಲ್ಲುತ್ತದೆ. ನಾನು ಯಾವ ತೋಟಕ್ಕೆ ಹೋದರೂ ಕಿಸೆಯಿಂದ ಮೊದಲು ತೆಗೆಯುವುದು ಇದನ್ನೇ. ದಿನಕ್ಕೆ ಎರಡು ಬಾರಿ ನೀರು ಬಿಡುತ್ತಿದ್ದ ಒಂದು ತೋಟದಲ್ಲಿ ಅದು ಹೆಬ್ಬೆರಳಿನ ಉದ್ದಕ್ಕಿಂತ ಕೆಳಗೆ ಇಳಿಯಲಿಲ್ಲ. ಮೇಲೆ ಪಾಚಿ, ಕೆಳಗೆ ಇಟ್ಟಿಗೆಯಂತಹ ಮಣ್ಣು.

ಪಾತಿಯ ಗಿಡಗಳ ವಿಷಯದಲ್ಲಿ ಜನ ಮೋಸ ಹೋಗುವುದು ಎಲೆ ಬಾಡುವುದನ್ನು ಕಂಡು. ನಡು ಮಧ್ಯಾಹ್ನ ದಾಸವಾಳದ ಎಲೆ ಜೋತುಬಿದ್ದಿದ್ದರೆ ಗಾಬರಿಯಾಗಬೇಡಿ. ಬೇರು ಮೇಲೆತ್ತುವ ವೇಗಕ್ಕಿಂತ ಎಲೆ ಕಳೆದುಕೊಳ್ಳುವ ವೇಗ ಹೆಚ್ಚಿದಾಗ, ಬುಡದಲ್ಲಿ ನೀರಿದ್ದರೂ ಎಲೆ ಹೀಗೆ ಕೈಚೆಲ್ಲುತ್ತದೆ. ಸೂರ್ಯ ಇಳಿದ ಮೇಲೆ ತಾನೇ ನೆಟ್ಟಗಾಗುತ್ತದೆ. ಬೆಳಗಿನ ಆರು ಗಂಟೆಗೂ ಬಾಡಿಯೇ ಇದ್ದರೆ ಮಾತ್ರ ಅದು ಬಾಯಾರಿಕೆ, ಇಲ್ಲವೇ ಕೊಳೆತ ಬೇರು. ಎರಡರ ಹೊರಚಿಹ್ನೆ ಒಂದೇ ಆದ್ದರಿಂದ ನೀರು ಸುರಿಯುವ ಮುನ್ನ ಮಣ್ಣಿಗೆ ಬೆರಳಿಟ್ಟು ನೋಡಿ.

ನೀರಿನ ಹನಿ ಭೂತಗನ್ನಡಿಯಂತೆ ಬಿಸಿಲನ್ನು ಕೂಡಿಸಿ ಎಲೆಯನ್ನು ಸುಡುತ್ತದೆ ಎಂಬ ನಂಬಿಕೆಯೂ ಹಳೆಯದು. ಹಂಗೆರಿಯ ಸಂಶೋಧಕರು ಇದನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ನುಣುಪಾದ ಎಲೆಯ ಮೇಲೆ ಕೂತ ಹನಿ ಅದನ್ನು ಸುಡುವುದಿಲ್ಲ. ಹನಿಯನ್ನು ಎಲೆಯಿಂದ ಮೇಲಕ್ಕೆ ಎತ್ತಿ ಹಿಡಿಯುವಂಥ ರೋಮಗಳಿರುವ ಕೆಲವು ಎಲೆಗಳಲ್ಲಿ ಮಾತ್ರ ಅಂಥ ಸಾಧ್ಯತೆ ಇದೆ. ಮಧ್ಯಾಹ್ನ ನೀರು ಬೇಡ ಎನ್ನುವುದಕ್ಕೆ ಕಾರಣ ಆವಿ ಮತ್ತು ಗಾಳಿ. ಕಟ್ಟಳೆ ಕೊಟ್ಟಿರುವ ಎರಡು ಅವಧಿಗಳಲ್ಲಿ ಬೆಳಗಿನದನ್ನೇ ಆರಿಸಿಕೊಳ್ಳಿ. ಸಂಜೆ ಎಲೆ ನೆನೆದರೆ ರಾತ್ರಿಯಿಡೀ ಒದ್ದೆಯಾಗಿ ಉಳಿದು, ಗುಲಾಬಿಯಂಥ ಗಿಡಕ್ಕೆ ಕಪ್ಪುಚುಕ್ಕೆಯಂಥ ಶಿಲೀಂಧ್ರ ರೋಗ ತಗುಲುವ ಸಂಭವ ಹೆಚ್ಚು. ಸಂಜೆಯೇ ಅನಿವಾರ್ಯವಾದರೆ ಪೈಪಿನ ಬಾಯಿಯನ್ನು ಬುಡಕ್ಕಿಟ್ಟು ಎಲೆಯನ್ನು ಒಣಗಿಯೇ ಬಿಡಿ.

ಯಾರಿಗೆ ಮೊದಲು ಎಂಬ ಸಾಲಿನಲ್ಲಿ ನಾನು ಹೇಳುವುದು ಸಸಿಗಳ ಹೆಸರು. ಹುಲ್ಲು ಸತ್ತರೂ ಒಂದು ಮಳೆಗಾಲದಲ್ಲಿ ಮತ್ತೆ ಹಬ್ಬಿಸಬಹುದು, ಮರ ಹೋದರೆ ಹತ್ತು ವರ್ಷ ಹಿಂದಕ್ಕೆ. ಎರಡು ವರ್ಷದ ಸಸಿಯ ಬೇರು ಇನ್ನೂ ದೂರ ಹೋಗಿಲ್ಲ, ಕಾಂಡದಿಂದ ಮೊಳ ದೂರದವರೆಗೆ ವೃತ್ತಾಕಾರದ ಬದು ಕಟ್ಟಿ, ಪ್ರತಿ ಸರದಿಗೆ ತಲಾ ಎರಡು ಮೂರು ಬಕೆಟ್ ನೀರನ್ನು ನಿಧಾನವಾಗಿ ಇಂಗಿಸಿ. ಒಣ ಎಲೆಯನ್ನೋ ತೊಗಟೆ ಚೂರನ್ನೋ ಐದರಿಂದ ಎಂಟು ಸೆಂಟಿಮೀಟರ್ ದಪ್ಪಕ್ಕೆ ಹೊದಿಸಿ, ಕಾಂಡದ ಸುತ್ತ ಮಾತ್ರ ಒಂದು ಗೇಣು ಜಾಗ ಬಿಡಿ. ಹೊದಿಕೆ ಕಾಂಡಕ್ಕೆ ಒತ್ತಿಕೊಂಡಿದ್ದರೆ ತೊಗಟೆ ಕೊಳೆಯುತ್ತದೆ. ಈ ಹೊದಿಕೆಯಷ್ಟು ಅಗ್ಗವಾಗಿ, ಯಾವ ಆದೇಶವನ್ನೂ ಮುರಿಯದೆ ನೀರು ಉಳಿಸುವ ಇನ್ನೊಂದು ಸಾಧನವನ್ನು ನಾನು ಕಂಡಿಲ್ಲ. ಬೇರೂರಿದ ದಾಸವಾಳಕ್ಕೆ ವಾರಕ್ಕೊಮ್ಮೆ ಆಳವಾಗಿ ಕೊಟ್ಟರೂ ಸಾಕು. ಹೂ ಕಡಿಮೆಯಾದೀತು, ಗಿಡ ಇರುತ್ತದೆ. ಬೇಸಿಗೆ ಕಳೆಯುವವರೆಗೆ ಗೊಬ್ಬರ ಹಾಕಬೇಡಿ: ಸಾರಜನಕ ಸಿಕ್ಕರೆ ಹೊಸ ಚಿಗುರು, ಚಿಗುರಿಗೆ ಇನ್ನಷ್ಟು ನೀರು.

ಕುಂಡಗಳಿಗೆ ಈ ಬುತ್ತಿಯ ಲೆಕ್ಕ ನಡೆಯುವುದಿಲ್ಲ, ಏಕೆಂದರೆ ಅಲ್ಲಿ ಬುತ್ತಿ ಕಟ್ಟಲು ಮಣ್ಣೇ ಇಲ್ಲ. ತಾರಸಿಯ ಕಾವಿಗೆ ಸಣ್ಣ ಕುಂಡ ಒಂದೇ ದಿನದಲ್ಲಿ ಒಣಗುತ್ತದೆ. ಎಷ್ಟೋ ಕಡೆ ಪೈಪಿಗೆ ನಿಷೇಧವಿದ್ದರೂ ಕೈಯಲ್ಲಿ ಹಿಡಿದ ಕ್ಯಾನಿನಿಂದ ಕುಂಡಕ್ಕೆ ನೀರು ಹಾಕಲು ವಿನಾಯಿತಿ ಇರುತ್ತದೆ, ನಿಮ್ಮ ಆದೇಶದ ಪ್ರತಿಯಲ್ಲಿ ಅದನ್ನು ಹುಡುಕಿ. ಮೂವತ್ತನ್ನೂ ಒಂದೆಡೆ ಒತ್ತಾಗಿ, ಮಧ್ಯಾಹ್ನದ ನೆರಳು ಬೀಳುವ ಗೋಡೆಯ ಬದಿಗೆ ಸೇರಿಸಿ. ಪೂರ್ತಿ ಒಣಗಿದ ತೆಂಗಿನ ನಾರಿನ ಮಿಶ್ರಣ ನೀರನ್ನು ಒಲ್ಲೆ ಎನ್ನುತ್ತದೆ, ಮೇಲಿಂದ ಹಾಕಿದ್ದು ಕುಂಡದ ಅಂಚಿನಲ್ಲಿ ಇಳಿದು ತಟ್ಟೆಗೆ ಬರುತ್ತದೆ, ನಾವು ನೀರು ಕುಡಿಸಿದೆವೆಂದು ತೃಪ್ತರಾಗುತ್ತೇವೆ. ಅಂಥ ಕುಂಡವನ್ನು ಎತ್ತಿ ನೋಡಿ. ಹಗುರವಾಗಿದ್ದರೆ ಅರ್ಧ ಗಂಟೆ ಬಕೆಟ್ಟಿನಲ್ಲಿ ಮುಳುಗಿಸಿಡಿ. ದೊಡ್ಡ ಕುಂಡಗಳಲ್ಲಿ ಬಣ್ಣ ಹಚ್ಚದ ಮಣ್ಣಿನ ಕುಡಿಕೆಯನ್ನು ಕುತ್ತಿಗೆಯವರೆಗೆ ಹೂತು ನೀರು ತುಂಬಿ ಮುಚ್ಚಿಟ್ಟರೆ ಅದು ಬೇರಿಗೆ ಬೇಕಾದಷ್ಟೇ ಜಿನುಗುತ್ತದೆ. ಎರಡು ಸಾವಿರ ವರ್ಷಗಳ ಹಿಂದೆಯೇ ಚೀನಾದ ಕೃಷಿಕರಿಗೆ ತಿಳಿದಿದ್ದ ಉಪಾಯವಿದು.

ಬಳಸಿದ ನೀರಿನ ವಿಷಯದಲ್ಲಿ ಉತ್ಸಾಹಕ್ಕಿಂತ ಎಚ್ಚರ ಮುಂದಿರಲಿ. ತರಕಾರಿ ತೊಳೆದ ನೀರು, ಹವಾನಿಯಂತ್ರಕದಿಂದ ತೊಟ್ಟಿಕ್ಕುವ ನೀರು ಇವಕ್ಕೆ ತಕರಾರಿಲ್ಲ. ಬಟ್ಟೆ ಒಗೆದ ನೀರಿನಲ್ಲಿ ಮೊದಲ ಸುತ್ತಿನದನ್ನು ಬಿಟ್ಟು, ಜಾಲಿಸಿದ ನೀರನ್ನು ಮಾತ್ರ ದಾಸವಾಳಕ್ಕೂ ಹುಲ್ಲಿಗೂ ಸರದಿಯಂತೆ ಹಾಕಬಹುದು. ಪುಡಿ ಮಾರ್ಜಕಗಳಲ್ಲಿ ಸೋಡಿಯಂ ಹೆಚ್ಚು. ಅದು ಜೇಡಿಮಣ್ಣಿನ ಕಣಗಳನ್ನು ಬಿಡಿಸಿ, ಮೇಲ್ಮೈಯನ್ನು ಸಿಮೆಂಟಿನಂತೆ ಬಿಗಿಯಾಗಿಸುತ್ತದೆ, ಬೋರಾನ್ ಇದ್ದರೆ ಎಲೆಯಂಚು ಸುಟ್ಟಂತಾಗುತ್ತದೆ. ಬ್ಲೀಚ್ ಬೆರೆತದ್ದೂ ಮಗುವಿನ ಬಟ್ಟೆ ತೊಳೆದದ್ದೂ ಚರಂಡಿಗೇ ಹೋಗಲಿ. ಹಾಕುವುದಾದರೆ ಅದೇ ದಿನ ನೆಲಕ್ಕೆ ಹಾಕಿ, ಏಕೆಂದರೆ ಒಂದು ದಿನ ಕೂಡಿಟ್ಟರೆ ದುರ್ನಾತ ಬರುತ್ತದೆ, ಸೂಕ್ಷ್ಮಾಣುಗಳು ಬೆಳೆಯುತ್ತವೆ. ಹಸಿಯಾಗಿ ತಿನ್ನುವ ಸೊಪ್ಪಿಗೆ ಎಂದೂ ಬೇಡ. ಆರ್‌ಒ ಯಂತ್ರ ಹೊರಬಿಡುವ ನೀರು ಕೊಳಕಲ್ಲ, ಆದರೆ ಮೂಲ ನೀರಿನ ಲವಣಗಳೆಲ್ಲ ಅದರಲ್ಲಿ ಸಾಂದ್ರವಾಗಿರುತ್ತವೆ. ಮೂಲ ನೀರು ಸಿಹಿಯಾಗಿದ್ದರೆ ಬೇರೆ ನೀರಿನೊಂದಿಗೆ ಬೆರೆಸಿ ನೆಲದ ಗಿಡಗಳಿಗೆ ಹಾಕಬಹುದು, ಗಡಸಾಗಿದ್ದರೆ ಅಂಗಳ ತೊಳೆಯಲು ಇಟ್ಟುಕೊಳ್ಳಿ. ಕುಂಡಕ್ಕಂತೂ ಬೇಡ, ಲವಣ ಅಲ್ಲೇ ಕೂಡುತ್ತ ಹೋಗುತ್ತದೆ. ಮಣ್ಣಿನ ಮೇಲೆ ಬಿಳಿ ಪುಡಿ ಕಂಡರೆ ತಕ್ಷಣ ನಿಲ್ಲಿಸಿ.

ಕೊಳವೆಬಾವಿ ನಿಮ್ಮ ಕಾಂಪೌಂಡಿನೊಳಗಿದ್ದರೂ ಅದರ ನೀರು ಕಾಂಪೌಂಡಿಗೆ ಸೀಮಿತವಲ್ಲ. ಆದೇಶವು ಮಂಡಳಿ ಪೂರೈಸುವ ನೀರಿಗೆ ಮಾತ್ರವೋ, ಎಲ್ಲ ಮೂಲಗಳಿಗೂ ಅನ್ವಯವೋ ಎಂಬುದನ್ನು ಲಿಖಿತವಾಗಿ ಕೇಳಿ ತಿಳಿದುಕೊಳ್ಳಿ. ಅನುಮತಿಯಿದ್ದರೂ ಬಾವಿಯ ನೀರನ್ನು ಹುಲ್ಲಿಗೆ ಸುರಿಯುವ ಮುನ್ನ ಯೋಚಿಸಿ; ನಲ್ಲಿ ಪೂರ್ತಿ ನಿಂತ ದಿನ ಮನೆಮಂದಿಗೆ ಅದೇ ಆಸರೆ. ಹಾಗೆಯೇ ಒಂದು ರಾತ್ರಿ ಎಲ್ಲ ನಲ್ಲಿಗಳನ್ನೂ ಮುಚ್ಚಿ ಮೀಟರಿನ ಅಂಕಿ ಬರೆದಿಟ್ಟು, ಎರಡು ಗಂಟೆಯ ನಂತರ ಮತ್ತೆ ನೋಡಿ. ಅಂಕಿ ಕದಲಿದ್ದರೆ ಸೋರಿಕೆ ರಸ್ತೆಯಲ್ಲಿ ಮಾತ್ರ ಇಲ್ಲ. ರಸ್ತೆಯದನ್ನು ಚಿತ್ರ, ಜಾಗ, ಸಮಯದೊಂದಿಗೆ ಮಂಡಳಿಗೆ ಬರೆದು, ದೂರಿನ ಸಂಖ್ಯೆಯನ್ನು ಇಟ್ಟುಕೊಳ್ಳಿ.

ಕೃತಕ ಹುಲ್ಲಿನ ಯೋಚನೆಯನ್ನು ಸದ್ಯಕ್ಕೆ ಬಿಡಿ. ನೇರ ಬಿಸಿಲಿನಲ್ಲಿ ಅದರ ಮೇಲ್ಮೈ 60 ಡಿಗ್ರಿ ಸೆಲ್ಸಿಯಸ್ ದಾಟಬಲ್ಲದು, ಬರಿಗಾಲಿನಲ್ಲಿ ನಡೆಯಲು ಅದಕ್ಕೂ ನೀರು ಚಿಮುಕಿಸಬೇಕಾಗುತ್ತದೆ. ಇರುವ ಹುಲ್ಲನ್ನು ಕತ್ತರಿಸುವ ಎತ್ತರ ಹೆಚ್ಚಿಸಿ, ತುಳಿದಾಟ ಕಡಿಮೆ ಮಾಡಿ. ಕಟ್ಟಳೆ ಇನ್ನೂ ಬಿಗಿಯಾದರೆ ಅದನ್ನು ಒಣಗಲು ಬಿಟ್ಟು, ಅವಕಾಶವಿದ್ದಷ್ಟು ದಿನ ಎರಡು ಮೂರು ವಾರಕ್ಕೊಮ್ಮೆ ಹನ್ನೆರಡು ಮಿಲಿಮೀಟರಿನಷ್ಟು ನೀರು ಕೊಡಿ. ಹುಲ್ಲು ಸತ್ತಿದೆಯೋ ಮಲಗಿದೆಯೋ ಎಂಬ ಅನುಮಾನ ಬಂದಾಗ ಅಂಗೈ ಅಗಲದ ಒಂದು ತುಂಡನ್ನು ಬೇರುಸಹಿತ ಕಿತ್ತು, ಮಣ್ಣಿನೊಳಗಿನ ಗೆಣ್ಣನ್ನು ಉಗುರಿನಿಂದ ಕೆರೆದು ನೋಡಿ. ಒಳಗೆ ಬಿಳಿಯಾಗಿ ಗಟ್ಟಿಯಾಗಿದ್ದರೆ ಜೀವವಿದೆ. ಆ ತುಂಡನ್ನು ಒಂದು ಕುಂಡದಲ್ಲಿಟ್ಟು ದಿನವೂ ಒಂದು ಲೋಟ ನೀರು ಹಾಕುತ್ತ ಹತ್ತು ಹನ್ನೆರಡು ದಿನ ಕಾಯಿರಿ. ಹಸಿರು ಮೂಡಿದರೆ ಉಳಿದ ಹುಲ್ಲುಹಾಸನ್ನು ಮಳೆ ಬರುವವರೆಗೆ ಮುಟ್ಟಬೇಡಿ.